ಫ್ಯಾನ್ ನಿಲ್ಲಿಸಿದರೂ ಮಾನೋಮೀಟರ್ 9 ಮಿಲಿಮೀಟರ್ ತೋರಿಸುತ್ತದೆ. ಕಳೆದರೂ ಲೆಕ್ಕ ಕೂಡುತ್ತಿಲ್ಲ

ಮೂರನೇ ಬೆಂಚು:

ಮೊನ್ನೆ ಪ್ರಯೋಗಾಲಯದಲ್ಲಿ ನಡೆದ ಸಂಗತಿ. ಫ್ಯಾನ್ ಗಾಳಿ ನೂಕುವ ಲೋಹದ ಕೊಳವೆಯೊಂದಿದೆ, ಅದರೊಳಗಿನ ಒತ್ತಡವನ್ನು ನೀರಿನ ಮಾನೋಮೀಟರಿನಿಂದ ಅಳೆಯಬೇಕು. ಮಾನೋಮೀಟರ್ ಯು ಆಕಾರದ್ದಲ್ಲ. ಒಂದು ಕಡೆ 100 ಮಿಲಿಮೀಟರ್ ವ್ಯಾಸದ ಮುಚ್ಚಿದ ಪಾತ್ರೆ, ಇನ್ನೊಂದು ಕಡೆ 3 ಮಿಲಿಮೀಟರ್ ಒಳವ್ಯಾಸದ ನೆಟ್ಟನೆಯ ಗಾಜಿನ ನಳಿಕೆ. ಎರಡೂ ತಳದಲ್ಲಿ ಕೂಡಿಕೊಂಡಿವೆ. ಗಾಳಿ ಪಾತ್ರೆಯ ನೀರನ್ನು ಒತ್ತುತ್ತದೆ, ನಳಿಕೆಯಲ್ಲಿ ನೀರು ಏರುತ್ತದೆ. ನಳಿಕೆಯ ಬಾಯಿ ತೆರೆದಿದೆ.

ಫ್ಯಾನ್ ಓಡುವಾಗ ನಳಿಕೆಯ ನೀರು ಪಾತ್ರೆಯ ಮಟ್ಟಕ್ಕಿಂತ 31 ಮಿಲಿಮೀಟರ್ ಮೇಲೆ ನಿಂತಿತು. ಫ್ಯಾನ್ ನಿಲ್ಲಿಸಿದೆ. ಸೊನ್ನೆಗೆ ಇಳಿಯಬೇಕಾದ ನೀರು 9 ಮಿಲಿಮೀಟರಿನಲ್ಲೇ ನಿಂತುಬಿಟ್ಟಿತು. ಕೇಳಿದರೆ "ಅದು ಸೊನ್ನೆದೋಷ, ಕಳೆದುಬಿಡು" ಎಂಬ ಉತ್ತರ ಬಂತು. ಕಳೆದೆ. ಉಳಿದದ್ದು 22 ಮಿಲಿಮೀಟರ್, ಅಂದರೆ ಸುಮಾರು 215 ಪ್ಯಾಸ್ಕಲ್. ಆದರೆ ಅದೇ ರಂಧ್ರಕ್ಕೆ ಜೋಡಿಸಿದ್ದ ಡಿಜಿಟಲ್ ಮಾಪಕ 235 ಪ್ಯಾಸ್ಕಲ್ ತೋರಿಸುತ್ತಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ 20 ಪ್ಯಾಸ್ಕಲ್ ಹತ್ತಿರದ ವ್ಯತ್ಯಾಸ.

ಒತ್ತಡವೇ ಇಲ್ಲದಿರುವಾಗ ನೀರು 9 ಮಿಲಿಮೀಟರ್ ಮೇಲೆ ನಿಲ್ಲುವುದಾದರೂ ಹೇಗೆ? ಅದನ್ನು ಕಳೆದ ಮೇಲೂ ಲೆಕ್ಕ ಏಕೆ ಕೂಡುತ್ತಿಲ್ಲ?

ನೀರಮಟ್ಟ:

ಮೊದಲನೆಯದು ಸುಲಭ. 3 ಮಿಲಿಮೀಟರ್ ನಳಿಕೆ ಎಂದರೆ ಲೋಮನಾಳವೇ ಸರಿ, ಅಂದರೆ ನೀರು ತಾನಾಗಿಯೇ ಮೇಲೇರುವಷ್ಟು ಸಪುರ ನಳಿಕೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ (ಮೇಲ್ಮೈ ಪೊರೆಯಂತೆ ಬಿಗಿದುಕೊಳ್ಳುವ ಬಲ) ಮೀಟರಿಗೆ 0.0728 ನ್ಯೂಟನ್. ಇದರ ಎರಡರಷ್ಟನ್ನು ಸಾಂದ್ರತೆ, ಗುರುತ್ವ ಮತ್ತು ನಳಿಕೆಯ ತ್ರಿಜ್ಯ ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ಏರಿಕೆ ಸಿಗುತ್ತದೆ. 1 ಮಿಲಿಮೀಟರ್ ತ್ರಿಜ್ಯಕ್ಕೆ 14.9 ಮಿಲಿಮೀಟರ್, ನಿಮ್ಮ 1.5ಕ್ಕೆ 9.9. ಗಾಜು ಅಷ್ಟೇನೂ ಶುದ್ಧವಿರಲಿಲ್ಲ ಎಂದುಕೊಂಡರೆ 9 ಸರಿಯಾಗಿಯೇ ಇದೆ. ಪಾತ್ರೆ ಅಗಲವಾಗಿರುವುದರಿಂದ ಅಲ್ಲಿ ಏರಿಕೆ ಇಲ್ಲ, ನಳಿಕೆಯಲ್ಲಿ ಮಾತ್ರ ಇದೆ.

ಮೂರನೇ ಬೆಂಚು:

ಸೂತ್ರ ನನಗೂ ಗೊತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೇನೆ. ನನ್ನ ತೊಡಕು ಬೇರೆ. ಪಾತ್ರೆಯ ನೀರಿನ ಮೇಲೆ ವಾಯುಮಂಡಲದ ಒತ್ತಡ, ನಳಿಕೆಯ ನೀರಿನ ಮೇಲೂ ಅದೇ. ಒಂದೇ ದ್ರವ, ಒಂದಕ್ಕೊಂದು ಕೂಡಿಕೊಂಡಿದೆ, ನಿಶ್ಚಲವಾಗಿದೆ. ಹಾಗಿದ್ದರೆ ಒಂದೇ ಮಟ್ಟದಲ್ಲಿ ಒಂದೇ ಒತ್ತಡ ಇರಬೇಕು ಎಂದು ಮೊದಲ ಅಧ್ಯಾಯದಲ್ಲೇ ಕಲಿಸಿದರು. ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಆ ನಿಯಮ ಬಿದ್ದುಹೋಯಿತೇ?

ಹಳೆಯ ಮೇಷ್ಟರು:

ಬಿದ್ದುಹೋಗಿಲ್ಲ. ನೀವು ಹೇಳಿದ ವಾಕ್ಯಗಳಲ್ಲಿ ಒಂದು ಮಾತ್ರ ತಪ್ಪು, ಅದು "ನಳಿಕೆಯ ನೀರಿನ ಮೇಲೂ ಅದೇ" ಎನ್ನುವುದು. ನೀರಿನ ಮೇಲಿರುವ ಗಾಳಿಯಲ್ಲಿ ವಾಯುಮಂಡಲದ ಒತ್ತಡವಿದೆ, ಒಪ್ಪೋಣ. ಆದರೆ ಮೇಲ್ಮೈಯನ್ನು ದಾಟಿ ಕೂದಲೆಳೆಯಷ್ಟು ಕೆಳಗಿಳಿದು ನೀರಿನೊಳಗೆ ಬಂದರೆ ಅಲ್ಲಿ ಒತ್ತಡ ಕಡಿಮೆ. ನಿಮ್ಮ ನಳಿಕೆಯಲ್ಲಿ 88 ಪ್ಯಾಸ್ಕಲ್‌ನಷ್ಟು ಕಡಿಮೆ.

ಮೇಲ್ಮೈ ಚಪ್ಪಟೆಯಾಗಿದ್ದರೆ ಎರಡು ಕಡೆಯ ಒತ್ತಡವೂ ಒಂದೇ. ಬಾಗಿದ್ದರೆ ಹಾಗಲ್ಲ. ಬಿಗಿದು ಎಳೆದ ಪೊರೆ ಯಾವ ಕಡೆಗೆ ಉಬ್ಬಿದೆಯೋ ಅದರ ಒಳಗಿನ ಕಡೆಯಲ್ಲಿ ಒತ್ತಡ ಹೆಚ್ಚು. ನೀರಹನಿಯಲ್ಲಿ ಒಳಗಿನ ಕಡೆ ಎಂದರೆ ನೀರು, ಹಾಗಾಗಿ ಹನಿಯೊಳಗೆ ಒತ್ತಡ ಜಾಸ್ತಿ. ಗಾಜಿನ ನಳಿಕೆಯ ಮೆನಿಸ್ಕಸ್, ಅಂದರೆ ನೀರಿನ ಬಾಗಿದ ಮೇಲ್ಮೈ, ಬಟ್ಟಲಿನಂತೆ ತಗ್ಗಿದೆ. ಬಟ್ಟಲಿನ ಒಳಗಿರುವುದು ಗಾಳಿ, ಆದ್ದರಿಂದ ಗಾಳಿಯ ಕಡೆ ಹೆಚ್ಚು, ನೀರಿನ ಕಡೆ ಕಡಿಮೆ. ವ್ಯತ್ಯಾಸ ಎಷ್ಟು? ಮೇಲ್ಮೈ ಎಳೆತದ ಎರಡರಷ್ಟನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಬರುವಷ್ಟು. 1 ಮಿಲಿಮೀಟರ್ ತ್ರಿಜ್ಯದ ಹನಿಗೆ ಇದು ಸುಮಾರು 146 ಪ್ಯಾಸ್ಕಲ್. ಅದೇ ಹನಿ ಒಂದು ಮೈಕ್ರೋಮೀಟರಿಗೆ ಇಳಿದರೆ 1,46,000 ಪ್ಯಾಸ್ಕಲ್, ಇಡೀ ವಾಯುಮಂಡಲದ ಒತ್ತಡಕ್ಕಿಂತ ಹೆಚ್ಚು. ಚಿಕ್ಕದಾದಷ್ಟೂ ಪೊಗರು ಜಾಸ್ತಿ ಎಂದು ತರಗತಿಯಲ್ಲಿ ಹೇಳುತ್ತಿದ್ದೆ.

ಈಗ ನಿಮ್ಮ ನಿಯಮವನ್ನು ಮತ್ತೆ ಓದಿ. ಮೆನಿಸ್ಕಸ್ಸಿನ ಕೆಳಗೆ ವಾಯುಮಂಡಲಕ್ಕಿಂತ 88 ಪ್ಯಾಸ್ಕಲ್ ಕಡಿಮೆ. ಅಲ್ಲಿಂದ 9 ಮಿಲಿಮೀಟರ್ ಕೆಳಗಿಳಿಯಿರಿ. 9 ಮಿಲಿಮೀಟರ್ ನೀರಿನ ಭಾರ ಅದೇ 88 ಪ್ಯಾಸ್ಕಲ್ ಅನ್ನು ತುಂಬಿಕೊಡುತ್ತದೆ. ಪಾತ್ರೆಯ ಮಟ್ಟಕ್ಕೆ ಬಂದಾಗ ನಳಿಕೆಯೊಳಗೂ ವಾಯುಮಂಡಲದ ಒತ್ತಡ, ಪಾತ್ರೆಯಲ್ಲೂ ವಾಯುಮಂಡಲದ ಒತ್ತಡ. ಒಂದೇ ಮಟ್ಟ, ಒಂದೇ ಒತ್ತಡ.

ಒಂದು ಹೆಚ್ಚಿನ ಮಾತು. ಏರಿಕೆ ನಳಿಕೆಯ ಅಗಲಕ್ಕೆ ವಿಲೋಮವಾಗಿರುತ್ತದೆ ಎಂಬುದನ್ನು ಜೇಮ್ಸ್ ಜೂರಿನ್ 1718ರ ಹೊತ್ತಿಗೇ ಪ್ರಯೋಗದಿಂದ ತೋರಿಸಿದ್ದರು. ಆದರೆ ಬಾಗು ಮತ್ತು ಒತ್ತಡದ ಸಂಬಂಧ ಸ್ಪಷ್ಟವಾಗಲು 1805ರವರೆಗೆ ಕಾಯಬೇಕಾಯಿತು. ಆ ವರ್ಷ ಥಾಮಸ್ ಯಂಗ್ ಅದನ್ನು ಸಮೀಕರಣಗಳ ಹಂಗಿಲ್ಲದೆ ಮಾತಿನಲ್ಲೇ ವಿವರಿಸಿದರು. ಸ್ವಲ್ಪ ಕಾಲದಲ್ಲೇ ಲ್ಯಾಪ್ಲಾಸ್ ಅದನ್ನು ಗಣಿತಕ್ಕೆ ಇಳಿಸಿದರು. ವಿದ್ಯಾರ್ಥಿಗಳು ಲ್ಯಾಪ್ಲಾಸರ ಸಮೀಕರಣವನ್ನು ಬಾಯಿಪಾಠ ಮಾಡಿ ಯಂಗ್ ಹೇಳಿದ ಮಾತನ್ನು ಬಿಟ್ಟುಬಿಡುತ್ತಾರೆ ಎಂಬುದು ನನ್ನ ಹಳೆಯ ದೂರು.

ಒಂದು ಹನಿ:

ಸೂಕ್ಷ್ಮ ನಳಿಕೆಯೊಳಗೆ ಗಾಳಿ ಸರಿಯಾಗಿ ನುಗ್ಗಲಾರದು, ಹೊರಗಿನ ವಾಯುಮಂಡಲ ನೀರನ್ನು ಒಳಗೆ ತಳ್ಳುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಅದು ತಪ್ಪೇ?

ಹಳೆಯ ಮೇಷ್ಟರು:

ತಪ್ಪು, ಆದರೆ ಗೌರವಾನ್ವಿತ ತಪ್ಪು. ಒಂದು ಕಾಲದಲ್ಲಿ ಬಲ್ಲವರೇ ಹಾಗೆ ನಂಬಿದ್ದರು. 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ ಹಾಕ್ಸ್‌ಬೀ ಗಾಳಿ ತೆಗೆದ ಗಾಜಿನ ಗುಡುಗೆಯೊಳಗೆ ಇದೇ ಪ್ರಯೋಗ ಮಾಡಿ ನೋಡಿದರು. ನಿರ್ವಾತದಲ್ಲೂ ನೀರು ಏರಿತು. ಗಾಜಿನ ಗೋಡೆ ದಪ್ಪವಿದ್ದರೂ ತೆಳುವಿದ್ದರೂ ಏರಿಕೆ ಬದಲಾಗುವುದಿಲ್ಲ ಎಂಬುದನ್ನೂ ಅವರೇ ಗಮನಿಸಿದರು. ಅಂದರೆ ಗಾಜಿನ ಒಳಮೈಯ ಪದರ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಲೆಕ್ಕದ ಹುಳು:

ನನಗೆ ಬಲದ ದಾರಿಯೇ ಹೆಚ್ಚು ಇಷ್ಟ. ನೀರು ಗಾಜನ್ನು ಮುಟ್ಟುವ ಗೆರೆಯ ಉದ್ದ ನಳಿಕೆಯ ಸುತ್ತಳತೆಯಷ್ಟು. ಅದನ್ನು ಮೇಲ್ಮೈ ಎಳೆತದಿಂದ ಗುಣಿಸಿ, ಸ್ಪರ್ಶ ಕೋನದ (ನೀರಿನ ಮೇಲ್ಮೈ ಗಾಜನ್ನು ಮುಟ್ಟುವ ಕೋನ) ಕೊಸೈನ್‌ನಿಂದ ಇನ್ನೊಮ್ಮೆ ಗುಣಿಸಿದರೆ ಮೇಲ್ಮುಖ ಬಲ ಸಿಗುತ್ತದೆ. ಎತ್ತಿ ನಿಲ್ಲಿಸಿದ ನೀರಿನ ತೂಕಕ್ಕೆ ಅದು ಸಮ. ಎರಡು ಸಾಲಿನಲ್ಲಿ ಕೆಲಸ ಮುಗಿಯಿತು. ಬಾಗು, ಬಟ್ಟಲು ಎಂದೆಲ್ಲ ಯೋಚಿಸುವ ತಾಪತ್ರಯವಿಲ್ಲ.

ನೀರಮಟ್ಟ:

ಎರಡು ಸಾಲಿನಲ್ಲಿ ಮುಗಿಯುತ್ತದೆ, ನಿಜ. ಆದರೆ ಮೇಲಕ್ಕೆ ಎಳೆಯುವವರು ಯಾರು ಎಂದು ಕೇಳಿದರೆ ನೂರು ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಉತ್ತರಿಸಿಯಾರು? ಗಾಜು ನೀರನ್ನು ಎಳೆಯುತ್ತದೆ. ಎಳೆಯುವುದಾದರೆ ನೀರೂ ಗಾಜನ್ನು ಕೆಳಕ್ಕೆ ಎಳೆಯಲೇಬೇಕು. ನಳಿಕೆಯನ್ನು ಸೂಕ್ಷ್ಮ ತಕ್ಕಡಿಗೆ ತೂಗುಹಾಕಿ ತುದಿಯನ್ನು ನೀರಿಗೆ ತಾಗಿಸಿದರೆ ತೂಕ ಹೆಚ್ಚಾದಂತೆ ಕಾಣುತ್ತದೆ. ನಳಿಕೆಯ ಬದಲು ತೆಳು ಹಲಗೆಯನ್ನು ತೂಗುಹಾಕಿದರೆ ಅದೇ ವಿಲ್ಹೆಲ್ಮಿ ವಿಧಾನ. 1863ರಿಂದ ಇಂದಿನವರೆಗೂ ಮೇಲ್ಮೈ ಎಳೆತವನ್ನು ಅಳೆಯಲು ಅದನ್ನು ಬಳಸುತ್ತಿದ್ದಾರೆ.

ಬಲದ ದಾರಿಗೆ ಇನ್ನೊಂದು ತೊಂದರೆ ಇದೆ. ನಳಿಕೆ ಕೆಳಗೆ ಅಗಲವಾಗಿದ್ದು ಮೇಲೆ ಮಾತ್ರ ಸಪುರವಾಗಿದ್ದರೆ? ಒತ್ತಡದ ದಾರಿಯಲ್ಲಿ ಉತ್ತರ ತಕ್ಷಣ ಸಿಗುತ್ತದೆ. ಮೆನಿಸ್ಕಸ್ ಇರುವ ಜಾಗದ ತ್ರಿಜ್ಯ ಮಾತ್ರ ಮುಖ್ಯ, ಕೆಳಗಿನ ಹೊಟ್ಟೆ ಎಷ್ಟು ದೊಡ್ಡದಿದ್ದರೂ ಎತ್ತರ ಅಷ್ಟೇ. ಬಲದ ದಾರಿಯಲ್ಲಿ ಹೋದರೆ, ಆ ಸಣ್ಣ ಸುತ್ತಳತೆ ಇಷ್ಟೊಂದು ನೀರನ್ನು ಹೇಗೆ ಹೊತ್ತಿತು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಲೆಕ್ಕದ ಹುಳು:

ಆ ಹೊಟ್ಟೆಯ ಓರೆಗೋಡೆಗಳು ನೀರಿಗೆ ಕೊಡುವ ಬಲವನ್ನೂ ಸೇರಿಸಿಕೊಂಡರೆ ಸರಿಹೋಗುತ್ತದೆ. ಆದರೆ ಆಗ ಎರಡು ಸಾಲು ಎರಡು ಪುಟವಾಗುತ್ತದೆ. ಸೋತೆ.

ಪದಬೇಟೆ:

ಭೌತವಿಜ್ಞಾನದವನಲ್ಲ, ಆದರೂ ಒಂದು ಮಾತು. ಇಲ್ಲಿ ಎಲ್ಲರೂ "ಮೇಲ್ಮೈ ಎಳೆತ" ಎಂದು ಬರೆಯುತ್ತಿರುವುದು ಕಂಡು ಖುಷಿಯಾಯಿತು. "ಮೇಲ್ಮೈ ಒತ್ತಡ" ಎಂದು ಬರೆದದ್ದನ್ನೂ ನೋಡಿದ್ದೇನೆ. ಒತ್ತುವುದು ಬೇರೆ, ಎಳೆಯುವುದು ಬೇರೆ. ಪತ್ರಿಕೆ ತೆರೆದರೆ ಕೆಲಸದ ಒತ್ತಡ, ಮನಸ್ಸಿನ ಒತ್ತಡ, ರಕ್ತದ ಒತ್ತಡ, ರಾಜಕೀಯ ಒತ್ತಡ. ಬೇರೆ ಬೇರೆ ಅರ್ಥಗಳಿಗೆಲ್ಲ ಒಂದೇ ಪದವನ್ನು ದುಡಿಸಿಕೊಂಡು ಕೊನೆಗೆ ಭೌತವಿಜ್ಞಾನದ ಪುಸ್ತಕದಲ್ಲೂ ಕಲಸುಮೇಲೋಗರ ಮಾಡಿದ್ದೇವೆ. ಅಂದ ಹಾಗೆ ಲೋಮನಾಳ, ಕೇಶನಾಳ ಎರಡರಲ್ಲೂ ಇರುವುದು ಕೂದಲು. ಲ್ಯಾಟಿನ್ನಿನ ಮೂಲಪದದ ಅರ್ಥವೂ ಕೂದಲೇ.

ಹಳೆಯ ಮೇಷ್ಟರು:

ಇದು ಬರೀ ಭಾಷೆಯ ವಿಚಾರವಲ್ಲ. ಒತ್ತಡದ ಏಕಮಾನ ಚದರ ಮೀಟರಿಗೆ ನ್ಯೂಟನ್, ಮೇಲ್ಮೈ ಎಳೆತದ್ದು ಬರೀ ಮೀಟರಿಗೆ ನ್ಯೂಟನ್. ಒಂದು ವಿಸ್ತೀರ್ಣದ ಮೇಲೆ ಕೆಲಸ ಮಾಡುತ್ತದೆ, ಇನ್ನೊಂದು ಗೆರೆಯ ಉದ್ದಕ್ಕೆ. ಎರಡನ್ನೂ ಒತ್ತಡ ಎಂದು ಕರೆದು ಆಮೇಲೆ ಏಕಮಾನ ತಪ್ಪು ಬರೆದ ಹುಡುಗನ ಅಂಕ ಕಳೆದರೆ ತಪ್ಪು ಯಾರದ್ದು?

ಒಂದು ಹನಿ:

ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ. ಈ ನಳಿಕೆಯಲ್ಲಿ ನೀರು 9.9 ಮಿಲಿಮೀಟರ್ ಏರಬಲ್ಲದು ಎನ್ನುತ್ತೀರಿ. ನೀರಿನ ಮಟ್ಟದಿಂದ 5 ಮಿಲಿಮೀಟರ್ ಎತ್ತರದಲ್ಲೇ ನಳಿಕೆಯನ್ನು ಕತ್ತರಿಸಿದರೆ? ಮೇಲೆ ಉಕ್ಕಿ ಹರಿದು ಕೆಳಗೆ ಬೀಳುತ್ತಲೇ ಇರಬೇಕಲ್ಲ? ಕೆಳಗೊಂದು ಪುಟ್ಟ ಚಕ್ರ ಇಟ್ಟರೆ ಬಿಟ್ಟಿ ಶಕ್ತಿ!

ಲೆಕ್ಕದ ಹುಳು:

ಚಕ್ರ ತಿರುಗುವುದಿಲ್ಲ. ನೀರು ಕತ್ತರಿಸಿದ ಅಂಚಿಗೆ ಬಂದು ನಿಲ್ಲುತ್ತದೆ. ಮೆನಿಸ್ಕಸ್ ತನ್ನ ಬಾಗನ್ನು ಸಡಿಲಿಸಿಕೊಳ್ಳುತ್ತದೆ. ಪೂರ್ತಿ ಏರಿಕೆಗೆ 1.5 ಮಿಲಿಮೀಟರ್ ತ್ರಿಜ್ಯದ ಬಟ್ಟಲು ಬೇಕಿತ್ತು, 5 ಮಿಲಿಮೀಟರ್ ನೀರನ್ನು ಹಿಡಿದಿಡಲು 3 ಮಿಲಿಮೀಟರ್ ತ್ರಿಜ್ಯದ ಚಪ್ಪಟೆ ಬಟ್ಟಲು ಸಾಕು. ಅಷ್ಟಕ್ಕೆ ಸಮತೋಲ ಬಂದುಬಿಡುತ್ತದೆ. ಉಕ್ಕಿ ಹರಿಯಬೇಕಾದರೆ ಮೇಲ್ಮೈ ಹೊರಗೆ ಉಬ್ಬಬೇಕು. ಉಬ್ಬಿದರೆ ಒಳಗಿನ ಒತ್ತಡ ವಾಯುಮಂಡಲಕ್ಕಿಂತ ಹೆಚ್ಚಾಗುತ್ತದೆ. ಪಾತ್ರೆಯ ಮಟ್ಟಕ್ಕಿಂತ ಮೇಲಿರುವ ನಿಂತ ನೀರಿನಲ್ಲಿ ಅದು ಆಗದ ಮಾತು.

(ನೋಡಿ, ಒತ್ತಡದ ದಾರಿಗೆ ನಾನೂ ಬಂದುಬಿಟ್ಟೆ.)

ಮೂರನೇ ಬೆಂಚು:

ಎಲ್ಲರಿಗೂ ಧನ್ಯವಾದ, ಮೊದಲ ಪ್ರಶ್ನೆ ಬಗೆಹರಿಯಿತು. ಆದರೆ ಎರಡನೆಯದನ್ನು ಎಲ್ಲರೂ ಮರೆತಂತಿದೆ. ಆ 20 ಪ್ಯಾಸ್ಕಲ್ ಎಲ್ಲಿ ಹೋಯಿತು?

ನೀರಮಟ್ಟ:

ನಳಿಕೆಯಲ್ಲಿ ನೀರು ಏರಿದಾಗ ಪಾತ್ರೆಯ ಮಟ್ಟ ಇಳಿಯುತ್ತದಲ್ಲ? ಆ ಇಳಿತವನ್ನು ಸೇರಿಸಿದಿರಾ?

ಲೆಕ್ಕದ ಹುಳು:

ಮೂರಕ್ಕೆ ನೂರು. ವ್ಯಾಸಗಳ ಅನುಪಾತದ ವರ್ಗ 0.0009. ಇಪ್ಪತ್ತು ಚಿಲ್ಲರೆ ಮಿಲಿಮೀಟರ್ ಏರಿಕೆಗೆ ಪಾತ್ರೆ ಇಳಿಯುವುದು 0.02 ಮಿಲಿಮೀಟರ್. ನಮಗೆ ಬೇಕಿರುವುದು 2. ಉಷ್ಣತೆಯನ್ನೂ ನೋಡಿದೆ. ನೀರು 30 ಡಿಗ್ರಿ ಇದ್ದರೂ ಸಾಂದ್ರತೆಯ ವ್ಯತ್ಯಾಸ ಕಾಲು ಪ್ರತಿಶತದಷ್ಟು, ಅದೂ ಸಾಲದು.

ಒಂದು ಹನಿ:

ಡಿಜಿಟಲ್ ಮಾಪಕವೇ ಸುಳ್ಳು ಹೇಳುತ್ತಿರಬಹುದು. ಅಂಕೆಗಳು ಹೊಳೆಯುತ್ತವೆ ಎಂದ ಮಾತ್ರಕ್ಕೆ ನಂಬಬೇಕೆಂದೇನಿಲ್ಲ.

ಮೂರನೇ ಬೆಂಚು:

ಅದನ್ನೂ ಪರೀಕ್ಷಿಸಿದೆ. ಫ್ಯಾನ್ ನಿಂತಾಗ ಸೊನ್ನೆ ತೋರಿಸುತ್ತದೆ. ಇನ್ನೊಂದು ಮಾಪಕ ತಂದು ಹಾಕಿದಾಗಲೂ 235ರ ಆಸುಪಾಸೇ ಬಂತು.

ಗಾಜು ತೊಳೆಯುವವ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಇಪ್ಪತ್ತು ವರ್ಷ ಪ್ರಯೋಗಾಲಯಗಳಲ್ಲಿ ಇಂಥ ನಳಿಕೆಗಳನ್ನು ತೊಳೆದ ಅನುಭವದಿಂದ ಕೇಳುತ್ತೇನೆ. ಆ 9 ಮಿಲಿಮೀಟರನ್ನು ಯಾವಾಗ ಓದಿದಿರಿ? ಫ್ಯಾನ್ ಹಾಕುವ ಮೊದಲೋ, ನಿಲ್ಲಿಸಿದ ಮೇಲೋ?

ಮೂರನೇ ಬೆಂಚು:

ನಿಲ್ಲಿಸಿದ ಮೇಲೆ. ಮೊದಲು ನೋಡಿದ್ದೆ, ಆದರೆ ಬರೆದುಕೊಳ್ಳಲಿಲ್ಲ. ಅದರಿಂದ ಏನು ವ್ಯತ್ಯಾಸ?

ಗಾಜು ತೊಳೆಯುವವ:

ಎಲ್ಲ ವ್ಯತ್ಯಾಸವೂ ಅದರಿಂದಲೇ. ನಾಳೆ ಹೋಗಿ ಒಂದು ಕೆಲಸ ಮಾಡಿ. ಕಣ್ಣನ್ನು ಮೆನಿಸ್ಕಸ್ಸಿನ ಮಟ್ಟಕ್ಕೆ ತಂದು, ಹಿಂದೆ ಬಿಳಿ ಕಾಗದ ಹಿಡಿದು, ಫ್ಯಾನಿನ ವೇಗವನ್ನು ತೀರ ನಿಧಾನವಾಗಿ ಏರಿಸಿ. ನೀರಿನ ಗಾಜು ಮುಟ್ಟುವ ಅಂಚು ಕೂಡಲೇ ಏರುವುದಿಲ್ಲ. ಅಂಚು ಕಚ್ಚಿಕೊಂಡು ನಿಂತಲ್ಲೇ ನಿಂತಿರುತ್ತದೆ, ನಡುಭಾಗ ಮಾತ್ರ ಮೇಲೆ ಬರುತ್ತದೆ, ಬಟ್ಟಲು ತಟ್ಟೆಯಂತಾಗುತ್ತದೆ. ಆಮೇಲೆ ಅಂಚು ಥಟ್ಟನೆ ಬಿಟ್ಟುಕೊಂಡು ಒಂದು ಮಿಲಿಮೀಟರ್ ಜಿಗಿಯುತ್ತದೆ. ಇಳಿಸುವಾಗ ತದ್ವಿರುದ್ಧ. ಅಂಚು ಮೇಲೇ ಉಳಿಯುತ್ತದೆ, ನಡುಭಾಗ ಇಳಿಯುತ್ತದೆ, ಬಟ್ಟಲು ಇನ್ನಷ್ಟು ಆಳವಾಗುತ್ತದೆ. ನೀರು ಒಂದು ಕಡೆ ಹೊರಟರೆ ಗಾಜು ಇನ್ನೊಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ.

ಸ್ಪರ್ಶ ಕೋನ ಎಂದು ಪುಸ್ತಕದಲ್ಲಿ ಒಂದೇ ಅಂಕಿ ಕೊಟ್ಟಿರುತ್ತಾರೆ. ನಿಜವಾದ ಗಾಜಿನ ಮೇಲೆ ಎರಡು ಕೋನಗಳಿವೆ, ನೀರು ಮುನ್ನುಗ್ಗುವಾಗ ಒಂದು, ಹಿಂದೆ ಸರಿಯುವಾಗ ಇನ್ನೊಂದು. ಒಣ ಗಾಜಿನ ಮೇಲೆ ಮುನ್ನುಗ್ಗುವಾಗ ಕೋನ ದೊಡ್ಡದು, ಒದ್ದೆ ಗಾಜಿನಿಂದ ಹಿಂದೆ ಸರಿಯುವಾಗ ಚಿಕ್ಕದು. ಬೆರಳಿನ ಜಿಡ್ಡು, ಧೂಳು, ಗಾಜಿನ ಒರಟು ಹೆಚ್ಚಿದಷ್ಟೂ ಎರಡರ ನಡುವಿನ ಅಂತರ ಹೆಚ್ಚು.

ಈಗ ನಿಮ್ಮ ಲೆಕ್ಕ. ಫ್ಯಾನ್ ಹಾಕಿದಾಗ ನೀರು ಕೆಳಗಿನಿಂದ ಏರಿ 31ಕ್ಕೆ ಬಂತು, ಅಂದರೆ ಮುನ್ನುಗ್ಗುವ ಕೋನ. ನಿಲ್ಲಿಸಿದಾಗ ಮೇಲಿನಿಂದ ಇಳಿದು 9ಕ್ಕೆ ಬಂತು, ಅದು ಹಿಂದೆ ಸರಿಯುವ ಕೋನ. ಎರಡು ಓದುಗಳಲ್ಲೂ ಲೋಮನಾಳದ ಏರಿಕೆ ಒಂದೇ ಎಂದುಕೊಂಡು ಕಳೆದಿರಿ. ಒಂದೇ ಅಲ್ಲ. ಕೆಳಗಿನಿಂದ ಬಂದ ಸೊನ್ನೆಯನ್ನು ಓದಿ ನೋಡಿ, 7 ಬರಬಹುದು. 31ರಿಂದ 7 ಕಳೆದರೆ 24 ಮಿಲಿಮೀಟರ್, ಅದು 235 ಪ್ಯಾಸ್ಕಲ್.

ಲೆಕ್ಕದ ಹುಳು:

ಅಬ್ಬಾ. ಹಿಂದಿನಿಂದ ಲೆಕ್ಕ ಹಾಕಿದೆ. 9ಕ್ಕೆ ಸ್ಪರ್ಶ ಕೋನ 20 ಡಿಗ್ರಿಯ ಹತ್ತಿರ, 7ಕ್ಕೆ 40ರ ಹತ್ತಿರ. ಅಷ್ಟೊಂದು ಅಂತರ ಸಾಧ್ಯವೇ?

ಗಾಜು ತೊಳೆಯುವವ:

ಸರಿಯಾಗಿ ತೊಳೆಯದ ಗಾಜಿನಲ್ಲಿ ಖಂಡಿತ ಸಾಧ್ಯ. ಕಿಟಕಿಯ ಗಾಜಿನ ಮೇಲೆ ಮಳೆಹನಿ ಜಾರದೆ ಅಂಟಿಕೊಂಡಿರುವುದನ್ನು ನೋಡಿಲ್ಲವೇ? ಅದರ ಕೆಳಗಿನ ಅಂಚು ದುಂಡಗೆ ಉಬ್ಬಿರುತ್ತದೆ, ಮೇಲಿನ ಅಂಚು ತೆಳ್ಳಗೆ ಚಾಚಿರುತ್ತದೆ. ಎರಡು ಕೋನಗಳೂ ಅಲ್ಲೇ ಕಣ್ಣೆದುರಿಗಿವೆ. ಎರಡೂ ಒಂದೇ ಆಗಿದ್ದರೆ ಹನಿ ಗಾಜಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ.

ನೀರಮಟ್ಟ:

ಇದಕ್ಕೇ ನಾನು ಯಾವಾಗಲೂ ಯು ಆಕಾರದ ಮಾನೋಮೀಟರ್ ಬಳಸಿ ಎನ್ನುವುದು. ಎರಡು ಕಾಲುಗಳೂ ಒಂದೇ ವ್ಯಾಸದವು, ಎರಡರಲ್ಲೂ ಒಂದೇ ಏರಿಕೆ, ಕಳೆದಾಗ ತಾನಾಗಿ ಹೋಗುತ್ತದೆ. ಪುಸ್ತಕದಲ್ಲೂ ಹಾಗೆಯೇ ಇದೆ.

ಗಾಜು ತೊಳೆಯುವವ:

ಪುಸ್ತಕದ ಗಾಜಿನಲ್ಲಿ ಹೋಗುತ್ತದೆ. ನಿಜವಾದ ಯು ನಳಿಕೆಯಲ್ಲಿ ಒತ್ತಡ ಹಾಕಿದಾಗ ಒಂದು ಕಾಲಿನಲ್ಲಿ ನೀರು ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಏರಿದ ಕಾಲಿನಲ್ಲಿ 7, ಇಳಿದ ಕಾಲಿನಲ್ಲಿ 9. ಕಳೆದಾಗ 2 ಮಿಲಿಮೀಟರ್ ಉಳಿದೇ ಉಳಿಯುತ್ತದೆ, ಓದು ಅಷ್ಟು ಕಡಿಮೆ ಬರುತ್ತದೆ. ಒತ್ತಡ ತೆಗೆದಾಗ ಸೊನ್ನೆಯ ಬದಲು ಇನ್ನೊಂದು ದಿಕ್ಕಿನ 2 ಮಿಲಿಮೀಟರ್. ಒಂದೇ ಪಾತ್ರೆಯ ಮಾನೋಮೀಟರಿನಲ್ಲಿ ಕನಿಷ್ಠ 9 ಮಿಲಿಮೀಟರ್ ಕಣ್ಣಿಗೆ ರಾಚಿತು, ಈ ಹುಡುಗ ಪ್ರಶ್ನೆ ಕೇಳಿದ. ಯು ನಳಿಕೆಯಾಗಿದ್ದರೆ ತಪ್ಪು ಮೆಲ್ಲಗೆ ದಾಖಲೆ ಪುಸ್ತಕಕ್ಕೆ ಸೇರಿಹೋಗುತ್ತಿತ್ತು.

ನೀರಮಟ್ಟ:

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮಾತು ಹಿಂದೆ ತೆಗೆದುಕೊಂಡೆ. ಓರೆ ಮಾನೋಮೀಟರ್ ಆದರೆ? 30 ಡಿಗ್ರಿ ಓರೆ ಇಟ್ಟರೆ ನೀರು ನಳಿಕೆಯ ಉದ್ದಕ್ಕೆ ಎರಡರಷ್ಟು ದೂರ ಓಡುತ್ತದೆ, ತಪ್ಪು ಅರ್ಧಕ್ಕೆ ಇಳಿಯಬೇಕಲ್ಲ?

ಹಳೆಯ ಮೇಷ್ಟರು:

ಸ್ಕೇಲ್ ಓದುವ ಕಣ್ಣಿನ ತಪ್ಪು ಅರ್ಧವಾಗುತ್ತದೆ. ಲೋಮನಾಳದ ತಪ್ಪು ಆಗುವುದಿಲ್ಲ. ಮೆನಿಸ್ಕಸ್ ಕೊಡುವುದು ಒತ್ತಡದ ವ್ಯತ್ಯಾಸ, ಅದು ಲಂಬ ಎತ್ತರಕ್ಕೆ ಸಮ. ಓರೆ ಮಾಡಿದರೆ ನಿಮಗೆ ಬೇಕಾದ 24 ಮಿಲಿಮೀಟರ್ 48 ಆಗುವಂತೆ ಬೇಡವಾದ 2 ಮಿಲಿಮೀಟರ್ 4 ಆಗುತ್ತದೆ. ಭೂತಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಮೊಡವೆಯೂ ದೊಡ್ಡದಾಗಿಯೇ ಕಾಣುತ್ತದೆ.

ಸ್ಟೆತಸ್ಕೋಪ್:

ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ನಮ್ಮ ಶ್ವಾಸಕೋಶದ ಗಾಳಿಚೀಲಗಳ ತ್ರಿಜ್ಯ ಸುಮಾರು 0.1 ಮಿಲಿಮೀಟರ್. ಒಳಮೈ ಒದ್ದೆ. ಅಲ್ಲಿ ಬರೀ ನೀರಿದ್ದಿದ್ದರೆ ಮೇಷ್ಟರ ಸೂತ್ರದಂತೆ ಸುಮಾರು 1,450 ಪ್ಯಾಸ್ಕಲ್, ಅಂದರೆ 15 ಸೆಂಟಿಮೀಟರ್ ನೀರಿನಷ್ಟು ಒತ್ತಡ ಚೀಲವನ್ನು ಮುಚ್ಚಲು ನೋಡುತ್ತಿತ್ತು. ದೇಹವೇ ಸ್ರವಿಸುವ ಸೋಪಿನಂಥ ಒಂದು ವಸ್ತು ಮೇಲ್ಮೈ ಎಳೆತವನ್ನು ಬಹಳ ತಗ್ಗಿಸುತ್ತದೆ, ಆದ್ದರಿಂದಲೇ ಉಸಿರಾಟ ಸಲೀಸು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ಅದರ ಕೊರತೆಯೇ ಉಸಿರಾಟದ ತೊಂದರೆಗೆ ಕಾರಣ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟರು. ಈಗ ಅದನ್ನು ಔಷಧಿಯಾಗಿಯೇ ಕೊಡುತ್ತೇವೆ.

ಇನ್ನೊಂದು ವಿಷಯ. ರಕ್ತದೊತ್ತಡವನ್ನು ಈಗಲೂ ಪಾದರಸದ ಮಿಲಿಮೀಟರಿನಲ್ಲೇ ಬರೆಯುತ್ತೇವೆ, ಆದರೆ ಪಾದರಸದ ಉಪಕರಣ ಮೂಲೆ ಸೇರಿದೆ. ಪಾದರಸವೂ ಹೀಗೆ ಆಟವಾಡುತ್ತದೆಯೇ?

ಹಳೆಯ ಮೇಷ್ಟರು:

ಆಡುತ್ತದೆ, ಉಲ್ಟಾ ದಿಕ್ಕಿನಲ್ಲಿ. ಪಾದರಸ ಗಾಜನ್ನು ಒದ್ದೆ ಮಾಡುವುದಿಲ್ಲ, ಸ್ಪರ್ಶ ಕೋನ ಸುಮಾರು 140 ಡಿಗ್ರಿ. ಮೆನಿಸ್ಕಸ್ ಮೇಲಕ್ಕೆ ಉಬ್ಬಿರುತ್ತದೆ, ಕಂಬ ಕೆಳಗೆ ತಗ್ಗುತ್ತದೆ. 1 ಮಿಲಿಮೀಟರ್ ತ್ರಿಜ್ಯದ ನಳಿಕೆಯಲ್ಲಿ ಐದೂವರೆ ಮಿಲಿಮೀಟರಿನಷ್ಟು ತಗ್ಗು. 760 ಮಿಲಿಮೀಟರಿನಲ್ಲಿ ಐದೂವರೆ ಹೋದರೆ ವಾಯುಭಾರಮಾಪಕ ನೂರಾರು ಪ್ಯಾಸ್ಕಲ್ ಸುಳ್ಳು ಹೇಳಿತೆಂದೇ ಅರ್ಥ. ಆದ್ದರಿಂದಲೇ ಒಳ್ಳೆಯ ವಾಯುಭಾರಮಾಪಕದ ನಳಿಕೆ ಅಗಲವಾಗಿರುತ್ತಿತ್ತು. ಓದುವ ಮೊದಲು ಬೆರಳಿನಿಂದ ಮೃದುವಾಗಿ ತಟ್ಟಬೇಕೆಂಬ ರೂಢಿಯೂ ಇತ್ತು. ತಟ್ಟುವುದು ಏಕೆಂದು ಚಿಕ್ಕವನಾಗಿದ್ದಾಗ ನನಗೂ ಗೊತ್ತಿರಲಿಲ್ಲ. ಕಚ್ಚಿಕೊಂಡ ಅಂಚನ್ನು ಬಿಡಿಸಲಿಕ್ಕೆ.

ಗಾಜು ತೊಳೆಯುವವ:

ತಟ್ಟುವುದು ನೀರಿನ ನಳಿಕೆಗೂ ಒಳ್ಳೆಯದು. ಅದರ ಜೊತೆಗೆ ನಳಿಕೆಯನ್ನು ಮಾರ್ಜಕದಿಂದ ತೊಳೆದು, ಭಟ್ಟಿ ಇಳಿಸಿದ ನೀರಿನಿಂದ ಹಲವು ಸಲ ಜಾಲಿಸಿ, ಅಳೆಯುವ ಮೊದಲು ನೀರನ್ನು ಒಮ್ಮೆ ತುದಿಯವರೆಗೆ ಏರಿಸಿ ಗೋಡೆಯನ್ನು ಒದ್ದೆ ಮಾಡಿಕೊಳ್ಳಿ. ಸೊನ್ನೆಯನ್ನೂ ಓದನ್ನೂ ಒಂದೇ ದಿಕ್ಕಿನಿಂದ ಬಂದು ತೆಗೆದುಕೊಳ್ಳಿ. ಸಾಧ್ಯವಿದ್ದರೆ 10 ಮಿಲಿಮೀಟರ್ ನಳಿಕೆ ಹಾಕಿ, ತಲೆನೋವೇ ಬಹುಪಾಲು ಹೋಗುತ್ತದೆ. ನೀರಿನ ಬದಲು ಆಲ್ಕೋಹಾಲ್ ತುಂಬಿದರೂ ಆಗುತ್ತದೆ. 1 ಮಿಲಿಮೀಟರ್ ತ್ರಿಜ್ಯದಲ್ಲಿ ನೀರು 14.9 ಏರಿದರೆ ಎಥನಾಲ್ 5.8 ಮಾತ್ರ, ಗಾಜನ್ನು ಚೆನ್ನಾಗಿ ಒದ್ದೆಯೂ ಮಾಡುತ್ತದೆ. ಆದರೆ ಆವಿಯಾಗುತ್ತದೆ, ಸಾಂದ್ರತೆ ಬೇರೆ ಎಂಬುದನ್ನು ಲೆಕ್ಕದಲ್ಲಿ ಮರೆಯಬೇಡಿ.

ಲೆಕ್ಕದ ಹುಳು:

ಒಂದು ತಮಾಷೆ ಹೊಳೆಯಿತು. ಯೇಗರ್ ವಿಧಾನದಲ್ಲಿ ಮೇಲ್ಮೈ ಎಳೆತವನ್ನು ಅಳೆಯುವುದೇ ಮಾನೋಮೀಟರಿನಿಂದ. ನೀರಿನೊಳಗೆ ಮುಳುಗಿಸಿದ ಸೂಕ್ಷ್ಮ ನಳಿಕೆಯಿಂದ ಗುಳ್ಳೆ ಬಿಡುತ್ತಾರೆ, ಗುಳ್ಳೆ ಕಳಚುವ ಮುನ್ನ ತಲುಪುವ ಗರಿಷ್ಠ ಒತ್ತಡವನ್ನು ಓದುತ್ತಾರೆ. ನಳಿಕೆಯ ತ್ರಿಜ್ಯ 0.25 ಮಿಲಿಮೀಟರ್, ಆಳ 20 ಮಿಲಿಮೀಟರ್ ಇದ್ದರೆ ಓದು ಸುಮಾರು 79 ಮಿಲಿಮೀಟರ್ ನೀರು. ಅದರಲ್ಲಿ 20 ಆಳದ್ದು, ಉಳಿದ 59 ಮೇಲ್ಮೈ ಎಳೆತದ್ದು. ಅಂದರೆ ಕಳ್ಳನನ್ನು ಹಿಡಿಯಲು ಕಳಿಸಿದ ಪೊಲೀಸನ ಜೇಬಿನಲ್ಲೂ ಅದೇ ಕಳ್ಳ ಕೂತಿದ್ದಾನೆ.

ಗಾಜು ತೊಳೆಯುವವ:

ಅದಕ್ಕೇ ಆ ಪ್ರಯೋಗದ ಮಾನೋಮೀಟರಿಗೆ ನೀರಿನ ಬದಲು ಕ್ಸೈಲಾಲ್ ಎಂಬ ಹಗುರ ದ್ರವ ತುಂಬುವ ರೂಢಿಯಿತ್ತು. ಎಳೆತ ಕಡಿಮೆ, ಗಾಜಿಗೆ ಅಂಟಿಕೊಳ್ಳುವ ರಗಳೆಯೂ ಕಡಿಮೆ. ಸಾಂದ್ರತೆಯೂ ಕಡಿಮೆಯಾದ್ದರಿಂದ ಓದು ದೊಡ್ಡದಾಗಿ ಬರುತ್ತದೆ.

ಮೂರನೇ ಬೆಂಚು:

ಇವತ್ತು ಮಾಡಿಬಂದೆ. ಮೊದಲು ತೊಳೆಯದೆಯೇ, ಫ್ಯಾನ್ ಹಾಕುವ ಮುನ್ನ ಪಾತ್ರೆಯಿಂದ ಸ್ವಲ್ಪ ಗಾಳಿ ಹೀರಿ, ನೀರನ್ನು ಇಳಿಸಿ, ಕೆಳಗಿನಿಂದ ಬರಲು ಬಿಟ್ಟೆ. 7 ಮಿಲಿಮೀಟರಿಗೆ ನಿಂತಿತು. ಉಗುರಿನಿಂದ ಒಮ್ಮೆ ತಟ್ಟಿದೆ, 8ಕ್ಕೆ ಹಾರಿತು. ಪಕ್ಕದಲ್ಲಿದ್ದ ಗೆಳೆಯ "ಒಡೆಯುತ್ತೀಯಾ" ಎಂದು ಕೈ ಹಿಡಿದ.

ಆಮೇಲೆ ತೊಳೆದೆ, ಒದ್ದೆ ಮಾಡಿದೆ. ಈಗ ಕೆಳಗಿನಿಂದ ಬಂದ ಸೊನ್ನೆ 9.0, ಮೇಲಿನಿಂದ ಬಂದದ್ದು 9.3. ಫ್ಯಾನ್ ಹಾಕಿದಾಗ ಕೆಳಗಿನಿಂದ ಏರಿದ ಓದು 33.1. ಕಳೆದರೆ 24.1 ಮಿಲಿಮೀಟರ್, 236 ಪ್ಯಾಸ್ಕಲ್. ಡಿಜಿಟಲ್ ಮಾಪಕ 235. ದಾಖಲೆ ಪುಸ್ತಕದಲ್ಲಿ ಹಳೆಯ 215 ಅನ್ನು ಹೊಡೆದುಹಾಕದೆ ಎರಡನ್ನೂ ಬರೆದಿದ್ದೇನೆ.

ಒಂದೇ ಒಂದು ಅನುಮಾನ ಉಳಿದಿದೆ. ಇಷ್ಟು ತೊಳೆದ ಮೇಲೂ 9.3 ದಾಟಲಿಲ್ಲ. ಲೆಕ್ಕದ ಪ್ರಕಾರ 9.9 ಇರಬೇಕಿತ್ತಲ್ಲ?

ಹಳೆಯ ಮೇಷ್ಟರು:

ನೀವು ಓದಿದ್ದು ಬಟ್ಟಲಿನ ತಳವನ್ನು. ತಳಕ್ಕಿಂತ ಮೇಲೆ ಅಂಚಿನ ಸುತ್ತ ಸ್ವಲ್ಪ ನೀರು ನಿಂತಿದೆ, ಅದಕ್ಕೂ ತೂಕವಿದೆ. ಸಿಲಿಂಡರಿನಿಂದ ಅರ್ಧಗೋಳವನ್ನು ಕಳೆದು ನೋಡಿ, ಆ ನೀರು ತ್ರಿಜ್ಯದ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ ಸಮ. 1.5ರ ಮೂರನೇ ಒಂದು ಭಾಗ 0.5. 9.9ರಲ್ಲಿ ಅದನ್ನು ಕಳೆಯಿರಿ.

ಮೂರನೇ ಬೆಂಚು:

9.4.

ಗಾಜು ತೊಳೆಯುವವ:

ಉಳಿದ 0.1 ನಿಮ್ಮ ಸ್ಕೇಲಿನದ್ದು. ಅದನ್ನು ತೊಳೆದರೆ ಹೋಗುವುದಿಲ್ಲ.